ಮೂರನೆಯ ನುಡಿ

ಕುಕ್ಕರಿಗೆ ವೆಯ್ಟ್ ಹಾಕಲು ಹೋದ ಕೈಯನ್ನು ಶ್ರೀವಾಣಿ ಹಾಗೇ ಹಿಂದಕ್ಕೆ ತೆಗೆದುಕೊಂಡಳು. ನಡುಮನೆಯಲ್ಲಿ ಟೇಪು ಓಡುತ್ತಿತ್ತು. ಟೇಪ್‌ ರೆಕಾರ್ಡರಿನಿಂದ ಕಂಪ್ಯೂಟರಿಗೆ ಒಂದು ಕಪ್ಪು ವೈರು ಹೋಗಿದೆ, ಹಾಡು ಆ ವೈರಿನೊಳಗೇ ಹರಿದು ಅಲ್ಲಿ ಸೇರಿಕೊಳ್ಳುತ್ತದೆ, ಪಕ್ಕದಲ್ಲಿ ಡೋಲು ಬಾರಿಸಿದರೂ ಅದರೊಳಕ್ಕೆ ಹೋಗುವುದಿಲ್ಲ ಎಂದು ಗಂಡ ನರಸಿಂಹ ಎಷ್ಟೋ ಸಲ ಹೇಳಿದ್ದ. ಅವಳಿಗೂ ಅದು ಅರ್ಥವಾಗಿತ್ತು. ಆದರೂ ಟೇಪು ತಿರುಗಲು ಶುರುವಾದರೆ ಸಾಕು, ಅವಳ ಹೆಜ್ಜೆ ಮೆತ್ತಗಾಗುತ್ತಿತ್ತು, ಪಾತ್ರೆಗಳನ್ನು ಇಡುವಾಗ ಕೆಳಗೊಂದು ಬಟ್ಟೆ ಬರುತ್ತಿತ್ತು, ಕೈಯ ಗಾಜಿನ ಬಳೆಗಳು ತಮ್ಮಷ್ಟಕ್ಕೆ ತಾವೇ ಮೊಣಕೈವರೆಗೆ ಏರಿ ಅಲ್ಲಿ ಬಿಗಿಯಾಗಿ ಕೂತುಬಿಡುತ್ತಿದ್ದವು. ಅತ್ತೆ ಗುಂಡಮ್ಮನವರು ಕಲಿಸಿದ್ದು ಅದು. ಮುತ್ತೈದೆ ಬಳೆ ತೆಗೆದಿಡುವ ಹಾಗಿಲ್ಲ, ಹಾಡು ರೆಕಾರ್ಡಾಗುವಾಗ ಬಳೆ ಸದ್ದು ಮಾಡುವ ಹಾಗೂ ಇಲ್ಲ. "ಮೇಲಕ್ಕೆ ಏರಿಸ್ಕೋಳೇ, ನಿನ್ನ ಬಳೆ ಕೇಳೋಕೆ ಯಾರೂ ಕೂತಿಲ್ಲ" ಎನ್ನುತ್ತಿದ್ದರು. ಅವರು ಹೋಗಿ ಏಳೆಂಟು ವರ್ಷವಾಯಿತು, ಮೊಣಕೈಯ ಕೆಳಗೆ ಬಳೆ ಒತ್ತಿದ ಗುರುತು ಇನ್ನೂ ಇದೆ. ಅವಳು ಗ್ಯಾಸು ಆರಿಸಿದಳು. ಅರ್ಧ ಬೆಂದ ಬೇಳೆ ಕುಕ್ಕರಿನೊಳಗೆ ಒಂದೆರಡು ಸಲ ಗೊಳಗುಟ್ಟಿ ಸುಮ್ಮನಾಯಿತು. ಹೆದ್ದಾರಿಯ ಕಡೆಯಿಂದ ನಂಗಲಿಗೆ ಹೋಗುವ ಲಾರಿಗಳ ಸದ್ದು ಹಿತ್ತಲ ಬಾಗಿಲಲ್ಲಿ ಬಂದು, ಒಳಕ್ಕೆ ಬರಲೋ ಬೇಡವೋ ಎಂಬಂತೆ ನಿಂತಿತ್ತು.

ನಡುಮನೆಯಲ್ಲಿ ಗುಂಡಮ್ಮನವರು ಕೆಮ್ಮಿದರು. ಕೆಮ್ಮಿದ್ದು ಟೇಪಿನಲ್ಲಿ. ಇನ್ನು ಒಂದು ಹಾಡು ಮುಗಿಯಬೇಕು, ಆಮೇಲೆ ಆರತಿ ಹಾಡು, ಅದಕ್ಕೂ ಮೊದಲು ಆ ಮಾತು. ಆ ಮಾತು ಬರುವಾಗ ತಾನು ಅಡುಗೆಮನೆಯಲ್ಲೇ ಇದ್ದುಬಿಡಬಹುದಲ್ಲ ಎಂದುಕೊಂಡಳು. ಆದರೆ ಕಾಲು ನಡುಮನೆಗೇ ಹೋಯಿತು. ಗೋಡೆಯ ಪಕ್ಕ ಗೋಣಿಚೀಲದಲ್ಲಿ ಮಿಕ್ಕ ಕ್ಯಾಸೆಟ್ಟುಗಳೆಲ್ಲ ಇದ್ದವು, ಒಳಗಿನ ಕಂದು ಪಟ್ಟಿಗೆ ಬೂದಿ ಮೆತ್ತಿದ ಹಾಗೆ ಬೂಷ್ಟು ಹಿಡಿದವು. ಎಲ್ಲವೂ ಒಂದೊಂದಾಗಿ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ನೆಟ್ಟಿಗೆ ಏರಿ ಆಗಿತ್ತು. ಚೀಲ ಇವತ್ತು ಗುಜರಿಗೆ. ಈ ಒಂದು ಕ್ಯಾಸೆಟ್ಟನ್ನು ಮಾತ್ರ ನರಸಿಂಹ ಬೆಳಿಗ್ಗೆ ಚೀಲದಿಂದ ಮತ್ತೆ ಹೊರಗೆ ತೆಗೆಸಿದ್ದ.

"ಆರತಿ ಹಾಡೊಂದು ಮತ್ತೆ ಮಾಡ್ಬಿಡು ವಾಣಿ," ಎಂದಿದ್ದ, ಚಪ್ಪಲಿ ಮೆಟ್ಟುತ್ತಾ. "ಆ ಫೈಲು ಭಾರ ಆಗಿದೆ, ಅದಕ್ಕೇ ಮಾಲೂರಲ್ಲಿ ನಿಂತೋಯ್ತು. ಕ್ವಾಲಿಟಿ ಕಮ್ಮಿ ಮಾಡಿ ಹಾಕಿದ್ರೆ ಸರಾಗ ಹೋಗತ್ತೆ."

"ಕಮ್ಮಿ ಮಾಡಿದ್ರೆ ಹಾಡು ಕೆಡಲ್ವಾ?"

"ಸಣ್ಣಪುಟ್ಟದ್ದು ಹೋಗತ್ತೆ ಅಷ್ಟೆ. ಯಾರಿಗೂ ಗೊತ್ತಾಗಲ್ಲ."

ಯಾರಿಗೂ ಗೊತ್ತಾಗಲ್ಲ. ಈ ಮನೆಯಲ್ಲಿ ತಾಯಿಯೂ ಮಗನೂ ಈ ಮಾತನ್ನು ಒಂದೇ ರೀತಿಯಲ್ಲಿ ಹೇಳುತ್ತಾರೆ, ಕೊನೆಯಲ್ಲಿ ಸ್ವಲ್ಪ ನಕ್ಕು.

ಬ್ಯಾಂಕಿನ ಕೆಲಸದಿಂದ ಸ್ವಯಂನಿವೃತ್ತಿ ತೆಗೆದುಕೊಂಡ ಮೇಲೆ ನರಸಿಂಹನಿಗೆ ಹಿಡಿದ ಹುಚ್ಚು ಇದು. ಕೆಟ್ಟ ಹುಚ್ಚೇನಲ್ಲ. ಓರಗೆಯವರು ಜಗಲಿಯ ಮೇಲೆ ಕೂತು ಊರಿನವರ ಸುದ್ದಿ ಆಡುವಾಗ ಇವನು ಹತ್ತಿಗೆ ಸ್ಪಿರಿಟ್ ಹಚ್ಚಿ ಟೇಪಿನ ಹೆಡ್ಡು ಒರೆಸುತ್ತಿದ್ದ. ನೆಟ್ಟಿನಲ್ಲಿ ಯಾವುದೋ ಸೈಟಿನಲ್ಲಿ ಜಾಗ ಮಾಡಿಕೊಂಡು, ಅಮ್ಮ ಹಾಡಿದ್ದನ್ನೆಲ್ಲ ಅಲ್ಲಿಗೆ ಏರಿಸಿ, ಕುಲದೇವರ ಹೆಸರನ್ನೇ ಪಾಸ್‌ವರ್ಡು ಮಾಡಿ, ಮಾಲೂರು, ಕೋಲಾರ, ಹೊಸೂರು ಎಂದು ಚದುರಿದ್ದ ಬಳಗಕ್ಕೆಲ್ಲ ಫೋನಿನಲ್ಲಿ ಒಂದೊಂದೇ ಅಕ್ಷರ ಬಿಡಿಸಿ ಹೇಳಿ ಬರೆಸಿದ್ದ. ಒಂದೊಂದು ಹಾಡು ಏರಲು ಒಂದೊಂದು ಮಧ್ಯಾಹ್ನ ಹಿಡಿಯುತ್ತಿತ್ತು. ಏರುವಷ್ಟು ಹೊತ್ತೂ ಮನೆಗೆ ಫೋನು ಬಂದರೆ ಸಿಡುಕುತ್ತಿದ್ದ. ಟೇಪು ಹಾಕಿ ಕಾಯುವುದು, ಮಧ್ಯದ ಮಾತುಗಳನ್ನು ಕತ್ತರಿಸಿ ತೆಗೆಯುವುದು ಶ್ರೀವಾಣಿಯ ಪಾಲು. "ಹಾಡು ಮಾತ್ರ ಇರ್ಲಿ. ಮಾತೆಲ್ಲ ಯಾಕೆ ಜಾಗ ತಿನ್ನಬೇಕು?" ಎಂದು ಅವನು ಹೇಳಿದ್ದು ನ್ಯಾಯವಾಗಿಯೇ ಇತ್ತು. ಪರದೆಯ ಮೇಲೆ ಹಾಡು ಅಗಲವಾದ ಪಟ್ಟೆಯಂತೆ ಕಾಣುತ್ತದೆ, ಮಾತು ಅಲ್ಲಲ್ಲಿ ಉಂಡೆ ಕಟ್ಟಿದ ಹಾಗೆ. ಉಂಡೆಗಳ ಮೇಲೆ ಮೌಸು ಎಳೆದರೆ ಅವು ನೀಲಿಯಾಗುತ್ತವೆ. ಒಂದು ಗುಂಡಿ ಒತ್ತಿದರೆ ಇಲ್ಲವಾಗುತ್ತವೆ. ಹಾಲಿನವನನ್ನು ಕೂಗಿದ್ದು, ಕಾಗೆಯನ್ನು ಓಡಿಸಿದ್ದು, "ಈ ಹಾಡು ನಮ್ಮಜ್ಜಿ ಹೇಳ್ತಿದ್ದದ್ದು" ಎಂದದ್ದು. ಗುಂಡಮ್ಮನವರು ಬದುಕಿದ್ದಾಗ ಅವರ ಮಾತನ್ನು ಒಂದು ಸಲವೂ ಅರ್ಧಕ್ಕೆ ತಡೆಯದಿದ್ದವಳು ಈಗ ಎಷ್ಟು ಸಲೀಸಾಗಿ ತೆಗೆದುಬಿಡುತ್ತಿದ್ದಾಳೆ ಎಂದು ಅವಳಿಗೇ ಮೊದಮೊದಲು ಹೆದರಿಕೆಯಾಗಿತ್ತು. ಮಾಯವಾಗುವಾಗ ಸದ್ದು ಕೂಡ ಬರುವುದಿಲ್ಲ. ಸದ್ದು ಬಂದಿದ್ದರೆ ಚೆನ್ನಾಗಿತ್ತು.

ಹಾಡು ಮುಗಿಯಿತು. ಟೇಪಿನೊಳಗೆ ಮಧ್ಯಾಹ್ನದ ಮೌನ ಸುಯ್ಯೆಂದಿತು. ಅದೂ ಇದೇ ನಡುಮನೆ, ಇಂಥದೇ ಮಧ್ಯಾಹ್ನ. ನರಸಿಂಹ ಆಗ ಕೋಲಾರದ ಬ್ರಾಂಚಿಗೆ ಹೋಗಿ ಬರುತ್ತಿದ್ದ. ಟು-ಇನ್-ವನ್‌ನ ಮುಂದೆ ಮಣೆ ಹಾಕಿಕೊಂಡು ಗುಂಡಮ್ಮನವರು, ಗುಂಡಿ ಒತ್ತಲು ಪಕ್ಕದಲ್ಲಿ ಸೊಸೆ. ಚಳಿಗಾಲ. ಉಬ್ಬಸದಲ್ಲಿ ಎದೆ ಶಿಳ್ಳೆ ಹಾಕುತ್ತಿತ್ತು. ಆರತಿ ಹಾಡಿನ ಮೊದಲ ಸಾಲನ್ನು ಎತ್ತುವುದು, ಉಸಿರು ಸಾಲದೆ ಬಿಡುವುದು, ಮತ್ತೆ ಎತ್ತುವುದು. ಹಸೆಯ ಮುಂದೆ ಆರತಿ ಎತ್ತುವಾಗ ಹಾಡುವ ಹಾಡು ಅದು, ಶುರು ಮಾಡಿದರೆ ಅರ್ಧಕ್ಕೆ ನಿಲ್ಲಿಸಬಾರದು, ಮಂಗಳ ಹೇಳದೆ ಏಳಬಾರದು. ನಿಲ್ಲಿಸಿದ ದೋಷಕ್ಕೆ ಹೆದರಿ ಗುಂಡಮ್ಮನವರು ಅರ್ಧ ನುಡಿಯಲ್ಲಿ ಕೂತು ಸೊಸೆಯ ಮೊಣಕಾಲು ತಟ್ಟಿದರು. ಟೇಪಿನಲ್ಲಿ ಈಗ ಆ ಮಾತು ಬಂತು.

"ಆಗಲ್ಲ ಕಣೇ ವಾಣಿ. ನೀನೇ ಎತ್ಕೋ, ಮೊದಲಿಂದ. ನನ್ನ ಹಾಗೇ ಹೇಳು, ನಿನ್ನ ಹಾಗೆ ಬೇಡ. ಗಂಡಸರ ಥರ ಇರತ್ತೆ ನಿನ್ನ ದನಿ." ಆಮೇಲೆ ಒಂದು ಸಣ್ಣ ನಗು, ಎದೆಯ ಶಿಳ್ಳೆಯ ಜೊತೆಗೆ. "ಯಾರಿಗೆ ಗೊತ್ತಾಗತ್ತೆ, ಹೇಳು."

ಆಮೇಲೆ ಹಾಡು. ಗುಂಡಮ್ಮನವರ ಮೇಲಿನ ಶ್ರುತಿ, ಗುಂಡಮ್ಮನವರ ಹಾಗೆ ಪದದ ಕೊನೆಯನ್ನು ಮೂಗಿನಲ್ಲಿ ಸ್ವಲ್ಪ ಹಿಡಿದು ಬಿಡುವುದು, ಗುಂಡಮ್ಮನವರ ತೆಲುಗು ನೆರಳಿನ ಉಚ್ಚಾರ. ಹಾಡುತ್ತಿದ್ದದ್ದು ಶ್ರೀವಾಣಿ. ಇಪ್ಪತ್ತು ವರ್ಷ ಅತ್ತೆಯ ಬೆನ್ನ ಹಿಂದೆ ನಿಂತು ದನಿಗೂಡಿಸಿದ ಗಂಟಲಿಗೆ ಅದೇನು ಕಷ್ಟವಾಗಿರಲಿಲ್ಲ, ನೋವಾಗಿತ್ತು ಅಷ್ಟೆ. ದೇವರಾಯಸಮುದ್ರದಲ್ಲಿ ತವರಿನ ಹಿಂದೆಯೇ ಕೆರೆಯ ಏರಿ. ಹುಡುಗಿಯಾಗಿದ್ದಾಗ ಅವಳು ಏರಿಯ ಮೇಲೆ ಕೂಗಿದರೆ ತುದಿಯಲ್ಲಿ ದನ ಕಾಯುವವರು ತಿರುಗಿ ನೋಡುತ್ತಿದ್ದರು. ತುಂಬಿದ ಕೊಡದ ದನಿ ಇವಳದು ಎನ್ನುತ್ತಿದ್ದ ಅಪ್ಪ. ಮದುವೆಯಾಗಿ ಬಂದು ಮೊದಲ ಗೌರಿಹಬ್ಬದಲ್ಲಿ ಬಾಯಿ ತೆರೆದಾಗ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದರು. ಅವತ್ತಿನಿಂದ ಅವಳು ಅತ್ತೆಯ ಶ್ರುತಿಗೆ ಹತ್ತಿಕೊಂಡು ಹೋದಳು, ಎತ್ತರದ ಅಟ್ಟದಿಂದ ಡಬ್ಬಿ ಇಳಿಸುವವರು ಹಿಮ್ಮಡಿ ಎತ್ತಿ ನಿಲ್ಲುವ ಹಾಗೆ. ಅಷ್ಟು ವರ್ಷ ತುದಿಗಾಲಲ್ಲಿ ನಿಂತರೆ ಅದೇ ನೆಲವಾಗಿಬಿಡುತ್ತದೆ.

ರೆಕಾರ್ಡಾದ ಸ್ವಲ್ಪ ದಿನಕ್ಕೆ ಅತ್ತೆಯ ಮಗಳು ರಮಾಮಣಿ ಮಾಲೂರಿನಿಂದ ಬಂದಿದ್ದಳು. ಗುಂಡಮ್ಮನವರು ಮಾತು ಕಳೆದು ಹಾಡು ಶುರುವಾಗುವ ಕಡೆಗೆ ಟೇಪು ತಿರುಗಿಸಲು ಸೊಸೆಗೆ ಕಣ್ಣಲ್ಲೇ ಹೇಳಿದರು. ಕೇಳುತ್ತ ಕೇಳುತ್ತ ರಮಾಮಣಿಗೆ ಅಳುವೇ ಬಂತು. "ಅಮ್ಮಾ, ನಿನ್ನ ದನಿ ವಾಪಸ್ ಬಂದ್ಬಿಟ್ಟಿದೆ!" "ಹ್ಞೂ ಕಣೇ, ಮೆಣಸಿನ ಕಷಾಯ ಕುಡೀತಾ ಇದೀನಿ," ಎಂದರು ಗುಂಡಮ್ಮನವರು ನಿರಾಳವಾಗಿ. ದೋಸೆಯ ಮೊಗಚೆಕೈ ಹಿಡಿದು ಬಾಗಿಲಲ್ಲಿ ನಿಂತಿದ್ದ ಶ್ರೀವಾಣಿಯ ಕಡೆ ನೋಡಿ, "ಇವಳೇ ಮಾಡಿ ಕೊಡ್ತಾಳೆ," ಎಂದೂ ಸೇರಿಸಿದರು. ಅವಳಿಗೆ ಆಗ ನಗು ಬಂದಿತ್ತು. ಇಬ್ಬರೇ ಹೆಂಗಸರಿಗೆ ಗೊತ್ತಿರುವ ಒಂದು ಕಳ್ಳತನದ ಸುಖವೂ ಇತ್ತು ಅದರಲ್ಲಿ. ಆ ಇಬ್ಬರಲ್ಲಿ ಒಬ್ಬರು ಹೋದ ಮೇಲೆ ಆ ಸುಖದ ರುಚಿ ಬದಲಾಯಿತು, ಮುಚ್ಚಿಟ್ಟ ಮಜ್ಜಿಗೆಯ ಹಾಗೆ.

ಹೋದ ಗುರುವಾರ ಮಾಲೂರಿನಲ್ಲಿ ರಮಾಮಣಿಯ ಮಗಳು ಸೌಪರ್ಣಿಕಾಳ ಸೀಮಂತ. ನರಸಿಂಹ ಲ್ಯಾಪ್‌ಟಾಪು, ಎರಡು ಸಣ್ಣ ಸ್ಪೀಕರು ಹಿಡಿದು ಹೊರಟಾಗ, ಸಿಡಿ ಮಾಡಿಕೊಳ್ಳುವುದಿಲ್ಲವೇ ಎಂದು ಅವಳು ಕೇಳಿದ್ದಕ್ಕೆ, "ಸಿಡಿ ಯಾಕೆ? ಎಲ್ಲಾ ನೆಟ್ಟಲ್ಲಿದೆ. ಪ್ರಪಂಚದಲ್ಲಿ ಎಲ್ಲಿ ಬೇಕಾದ್ರೂ ಕೇಳ್ಬಹುದು," ಎಂದಿದ್ದ. ಹಸೆಯ ಮೇಲೆ ಸೌಪರ್ಣಿಕಾ ಹಸಿರು ಸೀರೆಯಲ್ಲಿ ಬೆವೆತು ಕೂತಿದ್ದಳು. ಆರತಿ ತಟ್ಟೆಯಲ್ಲಿ ಕೆಂಪು ನೀರು, ಎರಡು ಸೊಡರು. ಹಾಡಿಗೆಂದು ಶ್ರೀವಾಣಿ ಗಂಟಲು ಸರಿಮಾಡಿಕೊಂಡು ಮುಂದೆ ಬಂದದ್ದನ್ನು ನೋಡಿ ರಮಾಮಣಿ, "ಅತ್ತಿಗೆ, ನೀವು ಆರಾಮಾಗಿ ನಿಂತ್ಕೊಳ್ಳಿ. ಇವತ್ತು ಅಮ್ಮನೇ ಹಾಡ್ಲಿ," ಎಂದಳು. ಪ್ರೀತಿಯಿಂದಲೇ ಎಂದಳು. ನರಸಿಂಹ ಗುಂಡಿ ಒತ್ತಿದ. ಸ್ಪೀಕರಿನಿಂದ ತನ್ನ ಗಂಟಲು ಹೊರಟು ತನ್ನನ್ನೇ ಬದಿಗೆ ಸರಿಸಿ ಹಸೆಯ ಮುಂದೆ ನಿಂತದ್ದನ್ನು ಶ್ರೀವಾಣಿ ನೋಡಿದಳು. ಹೆಂಗಸರು ಕಣ್ಣೊರೆಸಿಕೊಂಡರು. ಗುಂಡಮ್ಮನ ಕಂಠ ಅಂದ್ರೆ ಕಂಠ, ಮನೇಲಿ ಇನ್ನೊಬ್ಬರಿಗೆ ಬರಲಿಲ್ಲ ನೋಡಿ ಎಂದು ಯಾರೋ ಹಿಂದಿನಿಂದ ಪಿಸುಗುಟ್ಟಿದರು. ಎರಡು ನುಡಿ ಮುಗಿಯಿತು. ಮೂರನೆಯ ನುಡಿಯ ಹೊಸ್ತಿಲಲ್ಲಿ ಹಾಡು ನಿಂತಿತು.

ಪರದೆಯ ಮೇಲೆ ಒಂದು ಸಣ್ಣ ಚಕ್ರ ಸುತ್ತುತ್ತಿತ್ತು. ತಟ್ಟೆ ಹಿಡಿದಿದ್ದ ಇಬ್ಬರು ಮುತ್ತೈದೆಯರು ಕೈ ಮುಂದಕ್ಕೂ ಒಯ್ಯದೆ ಹಿಂದಕ್ಕೂ ತೆಗೆಯದೆ ಹಾಗೇ ನಿಂತರು. ಬಸುರಿಯ ಮುಂದೆ ಆರತಿ ಹಾಡು ಅರ್ಧಕ್ಕೆ ನಿಂತಿದೆ ಎಂಬುದು ಎಲ್ಲರ ಮುಖಕ್ಕೂ ನಿಧಾನವಾಗಿ ಬರುತ್ತಿತ್ತು. ಶ್ರೀವಾಣಿ ಉಸಿರೆಳೆದುಕೊಂಡಳು. ಮೂರನೆಯ ನುಡಿ ಕೆಳಸ್ವರಕ್ಕೆ ಇಳಿಯುತ್ತದೆ, ಅದಕ್ಕೆ ಹೊಟ್ಟೆಯ ತಳದಿಂದ ಉಸಿರು ಬೇಕು. ಬಾಯಿ ಇನ್ನೇನು ತೆರೆಯಬೇಕು, ರಮಾಮಣಿ ಅವಳ ಮೊಣಕೈ ಮುಟ್ಟಿದಳು. "ಇರಿ ಅತ್ತಿಗೆ, ಬರ್ತಾ ಇದೆ. ಅಮ್ಮಂದು ಕೆಡ್ಸಬೇಡಿ."

ಎಳೆದುಕೊಂಡ ಉಸಿರನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಎಲ್ಲರೂ ಒಂದು ಯಂತ್ರದ ದಯೆಗೆ ಕಾದು ನಿಂತಿದ್ದರು, ಆ ದನಿ ಅವರ ನಡುವೆಯೇ ರೇಷ್ಮೆ ಸೀರೆ ಉಟ್ಟು ಬಾಯಿ ಮುಚ್ಚಿಕೊಂಡು ನಿಂತಿತ್ತು. ಸೊಡರು ಎಣ್ಣೆ ಕುಡಿದು ಚಟಪಟ ಎಂದಿತು. ಸೌಪರ್ಣಿಕಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಆಗ ಶ್ರೀವಾಣಿಗೆ ಒಂದು ಕ್ಷಣ, ಬರದೇ ಇರಲಿ, ಪೂರ್ತಿ ನಿಂತೇ ಹೋಗಲಿ ಎನ್ನಿಸಿತು. ಬಸುರಿ ಹುಡುಗಿಯ ಮುಂದೆ ನಿಂತು ಹಾಗೆ ಬಯಸಿದೆನಲ್ಲ ಎಂಬುದು ಆಮೇಲೆ ಬಂದ ಸಂಕಟ. ಇವತ್ತಿಗೂ ಹೋಗಿಲ್ಲ. ಚಕ್ರ ಮಾಯವಾಗಿ ಹಾಡು ಬಂತು. ಎಲ್ಲರೂ ಒಟ್ಟಿಗೆ ಉಸಿರುಬಿಟ್ಟರು, ಅವಳೊಬ್ಬಳನ್ನು ಬಿಟ್ಟು.

ಊಟಕ್ಕೆ ಕೂತಾಗ ಗುಂಡಮ್ಮನವರ ತಂಗಿ ಅಶ್ವತ್ಥಮ್ಮ ತೊವ್ವೆಗೆ ತುಪ್ಪ ಬಡಿಸಿಕೊಳ್ಳುತ್ತಾ ಗಟ್ಟಿಯಾಗಿಯೇ ಕೇಳಿದರು: "ಲೇ ನರಸಿಂಹ, ನಮ್ಮಕ್ಕನಿಗೆ ಮೂರನೇ ನುಡೀಲಿ ಕೆಳಗಡೆ ಯಾವತ್ತೂ ಬರ್ತಿರ್ಲಿಲ್ಲವಲ್ಲೋ. ನುಂಗಿಬಿಡೋಳು. ಸತ್ತ ಮೇಲೆ ಹೇಗೋ ಬಂತು?"

"ಸಾಫ್ಟ್‌ವೇರ್ ಇದೆ ಚಿಕ್ಕಮ್ಮ," ಎಂದ ನರಸಿಂಹ, ಹೋಳಿಗೆ ಮುರಿಯುತ್ತಾ. "ಎಲ್ಲಿ ವೀಕ್ ಇರತ್ತೋ ಅಲ್ಲಿ ಎತ್ತಿ ಕೊಡತ್ತೆ."

"ಹಾಗಾದ್ರೆ ನಂಗೂ ಒಂದು ಹಾಕ್ಸೋ, ಮಂಡಿಗೆ."

ಪಂಕ್ತಿಯೆಲ್ಲ ನಕ್ಕಿತು. ಅಶ್ವತ್ಥಮ್ಮ ನಗಲಿಲ್ಲ. ಕೈತೊಳೆಯುವ ಕಡೆ ಪಕ್ಕದಲ್ಲಿ ಬಂದು ನಿಂತು, ಶ್ರೀವಾಣಿಯ ಕೈಗೆ ನೀರು ಹಾಕುತ್ತಾ, "ಏಮ್ಮಾ, ಸುಮ್ನಿರೋದನ್ನ ಚೆನ್ನಾಗಿ ಕಲ್ತಿದೀಯ," ಎಂದರು. ಅಷ್ಟೇ. ಹೊಗಳಿದರೋ ಬೈದರೋ ಅವರ ಮುಖದಲ್ಲಿ ಹುಡುಕಿದಳು. ಎಲೆ ಅಡಿಕೆ ಹುಡುಕುವ ಮುದುಕಿಯ ಮುಖ ಬಿಟ್ಟರೆ ಅಲ್ಲಿ ಬೇರೇನೂ ಕಾಣಲಿಲ್ಲ.

ಹಿಂದಿರುಗುವಾಗ ಬಸ್ಸಿನಲ್ಲಿ ನರಸಿಂಹ ಲ್ಯಾಪ್‌ಟಾಪನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡಿದ್ದ. ಪಕ್ಕಕ್ಕೆ ಸುಗಟೂರಿನವನಂತೆ, ಮುನಿರಾಮಪ್ಪ ಎಂಬವನು, ಹಿಪ್ಪುನೇರಳೆ ಸಸಿಗೆ ಮಾತಾಡಿ ಬರುತ್ತಿದ್ದವನು. ಅವನಿಗೂ ಎಲ್ಲ ವಿವರಿಸಿದ್ದಾಯಿತು.

"ಆಮೇಲೆ ಸ್ವಾಮಿ, ಆ ಪದಗಳು ಈಗ ಎಲ್ಲಿವೆ ಅಂತೀರಿ?"

"ಅಮೆರಿಕಾದಲ್ಲಿ ಯಾವುದೋ ದೊಡ್ಡ ಮಷೀನಲ್ಲಿ ಇರ್ತವೆ."

"ತಾಯೋರನ್ನ ಅಷ್ಟು ದೂರ ಯಾಕ್ ಕಳ್ಸಿದ್ರಿ?" ಎಂದು ಮುನಿರಾಮಪ್ಪ ನಕ್ಕ. ಆಮೇಲೆ ಕಿಟಕಿಯ ಕಡೆ ನೋಡಿ, "ನಮ್ಮಮ್ಮಂದು ಪದ ಇಲ್ಲ, ಫೋಟೋನೂ ಇಲ್ಲ. ಬೈಗಳೊಂದೇ ಸ್ವಾಮಿ ಉಳ್ಕೊಂಡಿರೋದು. ಅದಾದ್ರೆ ಒಂದಕ್ಷರ ಮರ್ತಿಲ್ಲ," ಎಂದ.

ಶ್ರೀವಾಣಿ ಸೀಟಿನ ಕಂಬಿಗೆ ತಲೆ ಆನಿಸಿದಳು. ತನಗೆ ಉಳಿದಿದ್ದ ಬೈಗಳನ್ನು ತಾನೇ ನೀಲಿ ಮಾಡಿ ಅಳಿಸಿದ್ದಳಲ್ಲ. ಗಂಡ ಹೇಳಿದ, ತೆಗೆದೆ ಎಂದು ಇಷ್ಟು ದಿನ ಅಂದುಕೊಂಡಿದ್ದಳು. ಅದು ನಿಜವಲ್ಲ. ಮೊದಲ ಸಲ ಆ ಮಾತಿನ ಮೇಲೆ ಮೌಸು ಎಳೆಯುವಾಗ ಅವಳ ಕಣ್ಣಿಗೆ ಬಂದದ್ದು ಮಾಲೂರು, ಹೊಸೂರು, ಕೋಲಾರದ ಅಷ್ಟೂ ಮನೆಗಳಲ್ಲಿ ಅಷ್ಟೂ ಜನ ಕಿವಿಗೊಟ್ಟು ಕೂತು ಕೇಳುವ ಒಂದೇ ವಾಕ್ಯ: ಗಂಡಸರ ಥರ ಇರತ್ತೆ ನಿನ್ನ ದನಿ. ಹಾಡಿದವಳು ತಾನೆಂದು ತಿಳಿಯಬೇಕಾದರೆ ಅದೂ ತಿಳಿಯಬೇಕು. ಬೇಡ ಎನ್ನಿಸಿತ್ತು. ಹೆಸರಿಗಿಂತ ಮಾನ ದೊಡ್ಡದೆನಿಸಿ ಗುಂಡಿ ಒತ್ತಿದ್ದಳು. ಅತ್ತೆ ಕದ್ದರು ಎನ್ನಲು ಈಗ ಯಾವ ಬಾಯಿ?

ನಡುಮನೆಯಲ್ಲಿ ಮೂರನೆಯ ನುಡಿ ಶುರುವಾಯಿತು. ಅವಳು ಟೇಪಿನ ಮುಂದೆ, ಅದೇ ಮಣೆಯ ಮೇಲೆ, ಕೂತುಬಿಟ್ಟಿದ್ದಳು. ಇಷ್ಟು ವರ್ಷ ಇದನ್ನು ಎಷ್ಟು ಸಲ ಕೇಳಿಲ್ಲ, ಗಂಟಲು ಸರಿಯಾಗಿ ಅತ್ತೆಯದಾಗಿದೆಯೇ ಎಂದು ಪರೀಕ್ಷೆ ಮಾಡುವವಳ ಹಾಗೆ. ಇವತ್ತು ಹಾಗೆ ಕೇಳಲಿಲ್ಲ. ಹಾಡು ಮೆಟ್ಟಿಲಿಳಿದು ಕೆಳಗೆ ಕೆಳಗೆ ಹೋಯಿತು, ಗುಂಡಮ್ಮನವರು ಯಾವತ್ತೂ ನುಂಗಿಬಿಡುತ್ತಿದ್ದ ಸಾಲಿಗೆ ಬಂತು. ನುಂಗುವುದನ್ನು ನಕಲು ಮಾಡಲು ಅವತ್ತು ಅವಳಿಗೆ ಮರೆತುಹೋಗಿತ್ತು. ಆ ಒಂದು ಸಾಲಿನಲ್ಲಿ ಹಿಮ್ಮಡಿ ನೆಲಕ್ಕೆ ತಾಗಿತ್ತು. ಮೂಗಿನ ಹಿಡಿತವಿಲ್ಲ, ನೆರಳಿಲ್ಲ, ಏರಿಯ ಆ ತುದಿಯವರೆಗೆ ಹೋಗುವ ದನಿ, ಸ್ವಲ್ಪ ಒರಟು, ಹೌದು, ಗಂಡಸಿನದೇ ಎನ್ನಬಹುದು. ಮರುಸಾಲಿಗೆ ಮತ್ತೆ ತುದಿಗಾಲು. ಅಶ್ವತ್ಥಮ್ಮನ ಮುದಿಕಿವಿಗೆ ಬಿದ್ದದ್ದು ಇದೇ. ಕ್ವಾಲಿಟಿ ಎಷ್ಟು ಕಮ್ಮಿ ಮಾಡಿದರೂ ಇದು ಹೋಗುವಂಥದಲ್ಲ ಎನ್ನಿಸಿತು. ಹೋದರೂ ಹೋಗಲಿ, ಗಂಟಲು ಇಲ್ಲೇ ಇದೆಯಲ್ಲ.

ಮಂಗಳ ಮುಗಿದು ಟೇಪು ಸುಮ್ಮನೆ ಸುತ್ತಿತು. ಅವಳು ಅದನ್ನು ನಿಲ್ಲಿಸಿ ಕಂಪ್ಯೂಟರಿನ ಮುಂದೆ ಕೂತಳು. ಪರದೆಯ ಮೇಲೆ ಹಾಡಿನ ಅಗಲ ಪಟ್ಟೆಗೂ ಮುಂಚೆ ಆ ಉಂಡೆ, ಮೂರು ನಾಲ್ಕು ಮಾತಿನದು. ಒಂದು ಸಲ ಕೇಳಿದಳು. ನನ್ನ ಹಾಗೇ ಹೇಳು, ನಿನ್ನ ಹಾಗೆ ಬೇಡ. ಇಷ್ಟು ದಿನ ಆಜ್ಞೆಯಂತೆ ಕೇಳಿದ್ದ ದನಿಯಲ್ಲಿ ಇವತ್ತು ಉಸಿರು ಸಾಲದ ಒಬ್ಬ ಹೆಂಗಸಿನ ಹೆದರಿಕೆಯೂ ಇತ್ತು. ತಾನು ಇನ್ನು ಹಾಡಲಾರೆ ಎಂದು ಮಗಳಿಗೆ ತಿಳಿಯಬಾರದೆಂಬ ಹೆದರಿಕೆ. ಈ ಮಾತನ್ನು ಹಾಗೇ ಉಳಿಸಿದರೆ ಆ ಹೆದರಿಕೆಯೂ ಮನೆಮನೆಗೆ ಹೋಗುತ್ತದೆ. ಅವಳು ಮೌಸು ಎಳೆದಳು. ಉಂಡೆ ನೀಲಿಯಾಯಿತು, ಹೋಯಿತು. ಹೋದ ಸಲದಂತೆ ಕೈ ಅವಸರ ಮಾಡಲಿಲ್ಲ. ಗಂಡ ಹೇಳಿಕೊಟ್ಟ ಹಾಗೆ ಕ್ವಾಲಿಟಿ ಇಳಿಸಿ, 'ಅಮ್ಮನ ಆರತಿ ಹಾಡು' ಎಂದೇ ಹೆಸರು ಕೊಟ್ಟು ಉಳಿಸಿ, ಏರಲು ಬಿಟ್ಟಳು. ಹಸಿರು ಗೆರೆ ಇರುವೆಯ ಹಾಗೆ ಹೊರಟಿತು. ಕ್ಯಾಸೆಟ್ಟನ್ನು ಹೊರತೆಗೆದು, ಒಂದು ಗಳಿಗೆ ಅಂಗೈಯಲ್ಲಿಟ್ಟುಕೊಂಡು, ಗೋಣಿಚೀಲದೊಳಗೆ ಹಾಕಿದಳು. ಅದು ಮಿಕ್ಕವುಗಳ ನಡುವೆ ಜಾರಿ ತಳ ಸೇರಿತು.

ಅಡುಗೆಮನೆಗೆ ಬಂದು ಗ್ಯಾಸು ಹಚ್ಚಿದಳು. ಸುಸ್ತಾಗಿತ್ತು. ಬರಿಯ ಒಂದು ಮಧ್ಯಾಹ್ನದ ಸುಸ್ತಲ್ಲ. ಹುಣಸೆಹಣ್ಣು ಕಿವುಚುತ್ತಾ ಆ ಕೆಳಗಿನ ಸಾಲನ್ನು ಗುನುಗಿದಳು. ಆಮೇಲೆ ಆ ಸಾಲು ನಿಂತ ಜಾಗವನ್ನೇ ನೆಲವಾಗಿ ಹಿಡಿದು ಹಾಡನ್ನು ಮೊದಲಿನಿಂದ ಎತ್ತಿದಳು, ಮೆಲ್ಲಗೆ. ಗಂಟಲು ಎಲ್ಲೂ ಹಿಡಿಯಲಿಲ್ಲ. ಹಾಡು ಬೇರೆಯೇ ಹಾಡಾಗಿ ಕೇಳಿತು, ಹೆಚ್ಚು ಚೆಂದವೇನೂ ಅಲ್ಲ, ತಗ್ಗಿನಲ್ಲಿ ಹರಿಯುವ ನೀರಿನ ಹಾಗೆ ಇತ್ತು ಅಷ್ಟೆ. ಸೌಪರ್ಣಿಕಾ ಹೆತ್ತು ನಾಮಕರಣಕ್ಕೆ ಕರೆಯುತ್ತಾರೆ. ತೊಟ್ಟಿಲ ಮುಂದೆ ಆರತಿ ಇರುತ್ತದೆ. ಲ್ಯಾಪ್‌ಟಾಪು ತೆರೆಯಲು, ವೈರು ಸಿಕ್ಕಿಸಲು, ಪಾಸ್‌ವರ್ಡು ಹೊಡೆಯಲು ಇವರಿಗೆ ಹೊತ್ತು ಹಿಡಿಯುತ್ತದೆ. ಅಷ್ಟರೊಳಗೆ ಎತ್ತಿಬಿಡಬೇಕು, ಈ ಶ್ರುತಿಯಲ್ಲಿ. ಒಂದು ಸಲ ಶುರುವಾದ ಆರತಿ ಹಾಡನ್ನು ಯಾರೂ ತಡೆಯುವ ಹಾಗಿಲ್ಲ. ಹೆಂಗಸರು ಮುಖ ಮುಖ ನೋಡಿಕೊಳ್ಳಲಿ. ಆ ಇನ್ನೊಂದು ದನಿ ಅತ್ತೆಯದಾಗಿಯೇ ಇರಲಿ, ಅಷ್ಟು ದೂರ ಹೋಗಿರುವುದನ್ನು ಇನ್ನು ವಾಪಸು ಕರೆಯುವುದು ಬೇಡ. ತಾನು ಮಾತ್ರ ಅದರಲ್ಲಿ ಇನ್ನು ಹಾಡುವುದಿಲ್ಲ. ಇಷ್ಟು ಮನಸ್ಸಿಗೆ ಬಂದ ಮೇಲೆ, ಮಾಲೂರಿನಲ್ಲಿ ಎಳೆದುಕೊಂಡಿದ್ದ ಉಸಿರು ಎಲ್ಲೋ ಪಕ್ಕೆಯಿಂದ ಸಡಿಲಿ ಹೊರಬಿತ್ತು. ಕೈ ತೊಳೆಯಲು ಬಾಗಿದಾಗ ಬಳೆಗಳು ಮೊಣಕೈಯಿಂದ ಜಾರಿ ಮಣಿಕಟ್ಟಿಗೆ ಬಂದು ಗಲಗಲ ಎಂದವು.

ಬೀದಿಬಾಗಿಲು ತೆರೆದ ಸದ್ದಾಯಿತು. "ಆಯ್ತೇನೇ?" ಎಂದ ನರಸಿಂಹ ಚಪ್ಪಲಿ ಬಿಡುತ್ತಾ.

"ಆಯ್ತು. ಏರ್ತಾ ಇದೆ."

"ಮಾತು ಗೀತು ಇತ್ತಾ?"

"ಇತ್ತು. ತೆಗೆದೆ."

"ಗುಜರಿಯವನು ಬೀದಿ ತುದೀಲಿದಾನೆ. ಚೀಲ ಹೊರಗಿಡ್ಲಾ?"

ಕುಕ್ಕರಿನಿಂದ ಆವಿ ಸಣ್ಣಗೆ ಏಳುತ್ತಿತ್ತು. ಅವಳು ವೆಯ್ಟು ಎತ್ತಿ ಅದರ ತಲೆಯ ಮೇಲೆ ಇಟ್ಟು ಒತ್ತಿದಳು.

"ಇಡಿ," ಎಂದಳು.

ಸ್ವಲ್ಪ ಹೊತ್ತಿಗೆ ಕುಕ್ಕರು ಕೂಗಿತು, ಮನೆಯೆಲ್ಲ ಕೇಳುವ ಹಾಗೆ.